ಕೋಕಂ ಶರಬತ್ತಿನ ಕೆಂಪು

ನಮ್ಮ ಹಾರವಾಡದಲ್ಲಿ ಗಂಡಸಿನ ಲಿವರ್ ಕೆಟ್ಟಿತೆಂದರೆ ಅವನು ಕುಡುಕ. ಬೇರೆ ಮಾತೇ ಇಲ್ಲ. ನನ್ನ ಅಪ್ಪ ಒಂದು ಹನಿ ಮುಟ್ಟಿದವನಲ್ಲ. ಹೆಪಟೈಟಿಸ್ ಬಿ ಯಾವ ಕಾಲದಲ್ಲಿ ಮೈ ಹೊಕ್ಕಿತ್ತೋ, ಗೊತ್ತಾಗುವಷ್ಟರಲ್ಲಿ ಲಿವರ್ ಗಟ್ಟಿಯಾಗಿತ್ತು. ಹಾಗಂತ ಹೇಳಿದರೆ ಅವನ ಜೊತೆ ದೋಣಿಗೆ ಹೋಗುವವರೇ ನಗುತ್ತಿದ್ದರು, "ಹೌದ್ ಹೌದು, ನಾವೂ ಹಾಲೇ ಕುಡಿಯೂದು!" ಥೂ, ಇವರ ಬಾಯಿಗೆ ಮಣ್ಣು ಹಾಕ.

ಕಾರವಾರದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅನ್ನನಾಳದಲ್ಲಿ ರಕ್ತನಾಳ ಉಬ್ಬಿವೆ, ಯಾವತ್ತು ಬೇಕಾದರೂ ಒಡೆಯಬಹುದು. ಕೆಂಪು ವಾಂತಿಯಾದರೆ ಕೈಯಲ್ಲಿದ್ದದ್ದು ಬಿಟ್ಟು ಹೊರಡಿ, ಒಂದು ನಿಮಿಷವೂ ಕಾಯಬೇಡಿ.

ಆ ದಿನ ಅಂಕೋಲೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೂ ಮೊದಲು ಎರಡು ಸಂಬಂಧ ಅಪ್ಪನ ಕಾಯಿಲೆಯ ಸುದ್ದಿ ಕೇಳಿಯೇ ತಪ್ಪಿದ್ದವು. ಅಮ್ಮ ಇಲ್ಲದ ಮನೆ, ಬೆಳಗಿನಿಂದ ಎಲ್ಲ ನಾನೇ. ಕೋಕಂ ಶರಬತ್ತು ಮಾಡಿಟ್ಟಿದ್ದೆ. ಅಪ್ಪ ಒಂದು ಲೋಟ ಕುಡಿದು ಹಿತ್ತಲಿಗೆ ಹೋದ. ವಾಂತಿಯ ಸದ್ದು ಕೇಳಿ ಓಡಿದೆ. ತೆಂಗಿನ ಬುಡದಲ್ಲಿ ಕೆಂಪು. ಅಪ್ಪ ಆಗಲೇ ಕೊಡ ಬಗ್ಗಿಸಿ ನೀರು ಹೊಯ್ಯುತ್ತಿದ್ದ.

"ಎಂತಾ ಅಪ್ಪಾ ಅದು?"

"ಕೋಕಂ ಮಾರಾಯ್ತಿ. ಖಾಲಿ ಹೊಟ್ಟೆಗೆ ಕುಡದೆ. ನೀ ಒಳಗೆ ನಡೆ, ಸೀರೆ ಒದ್ದೆ ಆಗ್ತದೆ."

ನಾನು ಒಳಗೆ ಹೋದೆ. ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕನ್ನಡಿಯ ಮುಂದೆ ನಿಂತು ಸೆರಗಿಗೆ ಪಿನ್ನು ಹಾಕಿಕೊಂಡೆ.

ಬಂದವರು ಎರಡು ತಾಸು ಕೂತರು. ಇಸ್ವಾಣ ಮೀನು ಹುರಿದದ್ದನ್ನು ಹೊಗಳಿ ಹೊಗಳಿ ತಿಂದರು. ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಗಂಡಿನ ಸೋದರಮಾವ, "ಎಂತ ಭಾವ, ಮುಖ ಬೆಳ್ಳಗಾಗಿದೆಯಲ್ಲ?" ಅಂದಾಗ, "ರಾತ್ರಿ ನಿದ್ದೆ ಇಲ್ಲ" ಅಂದ. ಅವರನ್ನು ಕಳಿಸಲು ಅಂಗಳಕ್ಕೆ ಇಳಿದವನು ಅಲ್ಲೇ ಕುಸಿದು, ಹೆಪ್ಪುಗಟ್ಟಿದ ರಕ್ತವನ್ನು ಗಡ್ಡೆ ಗಡ್ಡೆಯಾಗಿ ಕಾರಿದ. ಅವರು ಬಂದ ರಿಕ್ಷಾ ಎದುರಿಗೇ ನಿಂತಿತ್ತು. ಸೋದರಮಾವ ನನ್ನ ಮುಖ ನೋಡದೆ, "ನಮಗೆ ಬಸ್ಸಿಗೆ ಹೊತ್ತಾಯ್ತು" ಎಂದ. ಎಲ್ಲರೂ ಹತ್ತಿಕೊಂಡು ಹೋದರು. ಇವರೂ ಮನುಷ್ಯರಂತೆ!

ಮೀನಿನ ಟೆಂಪೋದಲ್ಲಿ ಕಾರವಾರ ಮುಟ್ಟಿದೆವು. ಎರಡೂ ಕೈಗೆ ಸೂಜಿ, ಒಂದರಲ್ಲಿ ರಕ್ತ, ಇನ್ನೊಂದರಲ್ಲಿ ರಕ್ತನಾಳದ ಒತ್ತಡ ಇಳಿಸುವ ಔಷಧ. ಮೂಗಿನಿಂದ ನಳಿಗೆ ಇಳಿಸಿ, ಅದರ ಬಲೂನು ಉಬ್ಬಿಸಿ, ಒಡೆದ ಜಾಗವನ್ನು ಒಳಗಿನಿಂದಲೇ ಒತ್ತಿ ಹಿಡಿದರು. ಇದು ಒಂದು ದಿನದ ಆಸರೆ ಅಷ್ಟೇ, ಗೋವಾಕ್ಕೆ ಒಯ್ಯಿರಿ ಅಂದರು. ನಮ್ಮ ಕಡೆಯವರ ಹಣೆಬರಹವೇ ಇಷ್ಟು, ಜೀವ ಉಳಿಯಬೇಕಾದರೆ ಗಡಿ ದಾಟಬೇಕು.

"ಮೊದಲ ವಾಂತಿ ಯಾವಾಗ?" ಡಾಕ್ಟರು ಕೇಳಿದರು.

"ಬೆಳಿಗ್ಗೆ ಒಂದಾಗಿತ್ತು. ಅದು ಕೋಕಂ."

ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೋವಾದಲ್ಲಿ ಗಂಟಲೊಳಗೆ ಕ್ಯಾಮೆರಾ ಬಿಟ್ಟು ಉಬ್ಬಿದ ನಾಳಗಳಿಗೆ ರಬ್ಬರ್ ಬಳೆ ಬಿಗಿದರು, ನಾವು ಏಡಿಯ ಕೊಂಬು ಕಟ್ಟುತ್ತೇವಲ್ಲ, ಹಾಗೆ. ರಕ್ತ ನಿಂತಿತು. ಮಾರನೆಯ ದಿನ ಅಪ್ಪ ಪಿಸುದನಿಯಲ್ಲಿ ಅಂದ, "ಕೋಕಂ ಹುಳಿ ಇರ್ತದೆ ಮಗಾ. ಅದು ಉಪ್ಪುಪ್ಪು ಇತ್ತು. ನಂಗೆ ಆಗಲೇ ಗೊತ್ತಿತ್ತು."

ನನಗೆ ಎಂಥ ಸಿಟ್ಟು ಬಂತೆಂದರೆ, ಆ ನಳಿಗೆಗಳೆಲ್ಲ ಇರದಿದ್ದರೆ ಹಿಡಿದು ಅಲ್ಲಾಡಿಸಿಬಿಡುತ್ತಿದ್ದೆ. ನನ್ನ ಮದುವೆ ಯಾರಿಗೆ ಬೇಕಿತ್ತು?

"ಅವರು ಒಪ್ಪಿದ್ರಾ?" ಕೇಳಿದ.

ಕುಡುಕನ ಮನೆಯ ಹೆಣ್ಣು ಬೇಡವೆಂದು ಅವರು ಅದೇ ಬೆಳಿಗ್ಗೆ ಫೋನು ಮಾಡಿದ್ದರು.

"ಒಪ್ಪಿದ್ರು ಅಪ್ಪಾ."

"ಅಡ್ಡಿಲ್ಲ ಹಂಗಾರೆ" ಅಂದು ಕಣ್ಣು ಮುಚ್ಚಿದ.

ಮೂರನೇ ದಿನ ಮತ್ತೆ ರಕ್ತನಾಳ ಒಡೆಯಿತು. ಆ ಸಲ ಕಟ್ಟಲು ಆಗಲಿಲ್ಲ. ಅಪ್ಪ ನನ್ನ ಸುಳ್ಳನ್ನು ನಂಬಿಕೊಂಡೇ ಹೋದ, ನಾನು ಅವನದನ್ನು ನಂಬಿದ ಹಾಗೆ.