ಮಾಸ್ತರರ ಕೈಗಳು ಲಕ್ಷ್ಮೀಬಾಯಿ ಕಡೆ

ಮೂಡಲಗಿಯ ಕುಂಥುನಾಥ ಮಾಸ್ತರರ ಕೈಗಳಿಗೆ ಒಂದು ಚಟವಿತ್ತು. ಕೆಟ್ಟು ಕೂತದ್ದು ಏನೇ ಕಂಡರೂ ಅವು ಸುಮ್ಮನಿರುತ್ತಿರಲಿಲ್ಲ. ಬೀಗರ ಮನೆಗೆ ಊಟಕ್ಕೆ ಹೋದರೆ ತಾಟು ಹಾಕುವಷ್ಟರಲ್ಲಿ ಅವರ ಗೋಡೆ ಗಡಿಯಾರ ಇಳಿಸಿ ಬಿಚ್ಚಿರುತ್ತಿದ್ದರು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಸಡಿಲಾದ ನಟ್ಟು ತಿರುವುತ್ತಿದ್ದರು. ಬಸದಿಗೆ ಹೋದರೂ ಗಂಟೆಯ ಕೊಂಡಿ ಸವೆದಿದೆಯೇ ಎಂದು ಮೊದಲು ನೋಡಿ, ಆಮೇಲೆ ಕೈ ಮುಗಿಯುತ್ತಿದ್ದರು. ಊರವರಿಗೇನು, ಪುಕ್ಕಟೆ ರಿಪೇರಿ. ಕಷ್ಟವೆಲ್ಲ ಹೆಂಡತಿ ಲಕ್ಷ್ಮೀಬಾಯಿಯದು.

"ಸ್ಟೋವ್ ಹಚ್ಚಾಕೂ ಬಿಡಂಗಿಲ್ರಿ ಇವ್ರು," ಎಂದು ಆಕೆ ನೆರೆಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. "ಪಿನ್ ಹಾಕಿ ಚುಚ್ಚತಾರ, ಬಿಚ್ಚತಾರ, ಒರಸ್ತಾರ. ಬಾಜೂಕ ನಾ ನಾದಿಟ್ಟ ಹಿಟ್ಟ ಒಣಗಿ ಹೊಕ್ಕೈತಿ."

ಮಾಸ್ತರರು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ವರ್ಷವರ್ಷವೂ ವಿಜ್ಞಾನ ಪ್ರದರ್ಶನಕ್ಕೆ ಶಾಲೆಯಿಂದ ಒಂದು ಮಾದರಿ ಹೋಗುತ್ತಿತ್ತು, ಹೋದದ್ದು ಕಪ್ ತರುತ್ತಿತ್ತು. ಹೆಡ್ ಮಾಸ್ತರರ ಖೋಲಿಯ ಕಪಾಟು ತುಂಬಿ, ಹೊಸ ಕಪ್ಪುಗಳು ಹಾಜರಿ ಪುಸ್ತಕಗಳ ಮೇಲೆ ಕೂತಿದ್ದವು. ನಿಜ ಹೇಳಬೇಕೆಂದರೆ ಅವೆಲ್ಲ ಮಾಸ್ತರರ ಕೈಗಳು ಗೆದ್ದ ಕಪ್ಪುಗಳು. ಹುಡುಗರು ಮಾದರಿಯನ್ನು ಹೊತ್ತೊಯ್ದು, "ಮಾನ್ಯ ನಿರ್ಣಾಯಕರೇ" ಎಂದು ಬಾಯಿಪಾಠ ಒಪ್ಪಿಸಿ ಬರುತ್ತಿದ್ದರು. ಆಗ ಎಲ್ಲ ಶಾಲೆಗಳಲ್ಲೂ ನಡೆಯುತ್ತಿದ್ದದ್ದು ಹೀಗೆಯೇ. ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ, ಮಾಸ್ತರರಿಗಂತೂ ಇಲ್ಲವೇ ಇಲ್ಲ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಒಂದು ಹೊಸ ಸುದ್ದಿ ಬಂತು. ಮಳೆಗಾಲ ಶುರುವಾದ ಮೇಲೆ ಹುಕ್ಕೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ರೋಬೋಟ್ ಸ್ಪರ್ಧೆ. ನೆಲದ ಮೇಲೊಂದು ಗೆರೆ ಇರುತ್ತದೆ. ಯಾರೂ ದೂಡದೆ, ಯಾರೂ ಎಳೆಯದೆ, ಪುಟ್ಟದೊಂದು ಬಂಡಿ ತಾನೇ ಆ ಗೆರೆ ಹಿಡಿದು ಓಡಬೇಕು.

"ರೋಬೋಟ್ ಅಂದ್ರ ಮನಷ್ಯಾನಂಗ ಇರ್ತೈತಲ್ರಿ?" ಎಂದು ಹೆಡ್ ಮಾಸ್ತರರು ಕೇಳಿದರು. "ಇದಕ್ಕ ಕೈಕಾಲ ಎಲ್ಲಿ?"

"ಕೈಕಾಲ ಬ್ಯಾಡ್ರಿ ಸರ್. ಎರಡ ಕಣ್ಣ, ಎರಡ ಗಾಲಿ ಇದ್ರ ಸಾಕು," ಎಂದರು ಕುಂಥುನಾಥ ಮಾಸ್ತರರು. ಅವರ ಬೆರಳುಗಳು ಆಗಲೇ ಮೇಜಿನ ಕೆಳಗೆ ಏನನ್ನೋ ತಿರುವುತ್ತಿದ್ದವು.

ಮೇ ರಜೆಯಲ್ಲಿ ತರಬೇತಿ ಶುರುವಾಯಿತು. ಒಂಬತ್ತನೆಯ ಇಯತ್ತೆಗೆ ಹೋಗಲಿದ್ದ ಮೂವರನ್ನು ಆರಿಸಿಕೊಂಡರು. ಸಂಘಮಿತ್ರಾಳದು ಮಾತು ಕಡಿಮೆ, ನೋಟ ಜಾಸ್ತಿ. ಸ್ವಪ್ನಿಲ್‌ಗೆ ಎಲ್ಲದಕ್ಕೂ ಅವಸರ, ಮುಟ್ಟಿದ್ದೆಲ್ಲ ಮುರಿಯುತ್ತಿತ್ತು. ಜಿನೇಂದ್ರನಿಗೆ ಬಾಯಿಯೇ ಬಂಡವಾಳ. ಮೂವರನ್ನೂ ಕರೆದುಕೊಂಡು ಮಾಸ್ತರರು ಗೋಕಾಕಿನ ಗುಜರಿ ಅಂಗಡಿಗೆ ಹೋಗಿ, ಹಳೆಯ ಟೇಪ್‌ರೆಕಾರ್ಡರುಗಳ ರಾಶಿಯಲ್ಲಿ ಕೂತು ಮೋಟರು ಬಿಚ್ಚಿ ತಂದರು. ಬರುವಾಗ ಕರದಂಟು ಕೊಡಿಸಿದರು. ಆ ದಿನ ಯಾರ ಬೆರಳಲ್ಲೂ ಗ್ರೀಸ್ ಯಾವುದು, ಬೆಲ್ಲದ ಅಂಟು ಯಾವುದು ತಿಳಿಯುತ್ತಿರಲಿಲ್ಲ. ಜಿನೇಂದ್ರನ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಗಾಲಿ ಮಾಡಿದರು. ಶಾಲೆಯ ಪಡಸಾಲೆಗೆ ಕರಿ ಫರಸಿಕಲ್ಲು ಹಾಸಿತ್ತು. ಅದರ ಮೇಲೆ ಸಂಘಮಿತ್ರಾ ಸುಣ್ಣದಿಂದ ಸೊಟ್ಟ ಸೊಟ್ಟ ಗೆರೆ ಎಳೆದಳು. ಅದೇ ಅವರ ಓಟದ ದಾರಿ.

ಮಾಸ್ತರರು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ. ಬಂಡಿಯ ಗುಂಗಿನಲ್ಲಿ ಮನೆಗೆ ಬರುವುದನ್ನು ಮರೆತು ಒಂದೆರಡು ಸಲ ಉಪವಾಸ ಮಲಗಿದ್ದರು. ಅದಕ್ಕೆ ಲಕ್ಷ್ಮೀಬಾಯಿ ಒಂದು ಸಂಜೆ ಊಟದ ಡಬ್ಬಿಯನ್ನು ನೀಲಿ ಚೌಕಡಿಯ ವಸ್ತ್ರದಲ್ಲಿ ಕಟ್ಟಿಕೊಂಡು ತಾನೇ ಶಾಲೆಗೆ ಬಂದಳು. ಬಂದು ನೋಡಿದರೆ, ಮಾಸ್ತರರು ಫರಸಿಯ ಮೇಲೆ ಬೋರಲು ಮಲಗಿ ತಂತಿಗೆ ಬೆಸುಗೆ ಹಾಕುತ್ತಿದ್ದಾರೆ. ಮೂವರು ಮಕ್ಕಳು ಬಯಲಾಟ ನೋಡುವವರಂತೆ ಸಾಲಾಗಿ ಕೂತಿದ್ದಾರೆ.

"ತರಬೇತಿ ಯಾರಿಗ್ರಿ ಇದು?" ಎಂದಳು.

"ಹುಡುಗೋರಿಗೆ," ಎಂದರು ಮಾಸ್ತರರು ತಲೆಯೆತ್ತದೆ.

"ಏ ಸಂಘಮಿತ್ರಾ, ಈ ಗಾಡಿಗೆ ನೀ ಏನ ಮಾಡೀದಿ?"

ಹುಡುಗಿ ಸ್ವಲ್ಪ ಯೋಚಿಸಿ, ಇದ್ದದ್ದನ್ನು ಇದ್ದಂತೆ ಹೇಳಿದಳು: "ಬ್ಯಾಟರಿ ಹಿಡಕೊಂಡೇನ್ರಿ ಕಾಕೂ."

ಮಾಸ್ತರರಿಗೆ ಪಿಚ್ಚೆನಿಸಿತು. ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಎದ್ದು ಕೂತರು. ಲಕ್ಷ್ಮೀಬಾಯಿ ಡಬ್ಬಿಯ ವಸ್ತ್ರ ಬಿಚ್ಚಿ, ಗಂಡನ ಹಿಂದೆ ಹೋಗಿ, ಅವರ ಎರಡೂ ಮುಂಗೈಗಳನ್ನು ಬೆನ್ನ ಹಿಂದೆ ತಂದು ಸಡಿಲವಾಗಿ ಗಂಟು ಹಾಕಿದಳು.

"ಇವು ಇನ್ನ ನನ್ನ ಕಡೆ ಇರ್ಲಿ. ಉಣ್ಣಾಕಷ್ಟ ಬಿಚ್ಚತೇನಿ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಸ್ತರರೂ ನಕ್ಕರು. ಆದರೆ ಮರುದಿನದಿಂದ ಯಾರೂ ಕಟ್ಟದೆಯೇ ಅವರು ಆ ವಸ್ತ್ರವನ್ನು ಎರಡೂ ಕೈಯಲ್ಲಿ ಹಿಂದೆ ಹಿಡಿದು ನಿಲ್ಲತೊಡಗಿದರು.

ಆ ಹಿಂಸೆ ಶತ್ರುವಿಗೂ ಬೇಡ. ಸ್ವಪ್ನಿಲ್ ಮೋಟರಿನ ತಂತಿ ಕಿತ್ತ, ಇವರು ವಸ್ತ್ರ ಹಿಂಡಿದರು. ಜಿನೇಂದ್ರ ಮಾತಿನ ಭರದಲ್ಲಿ ಬ್ಯಾಟರಿ ತಲೆಕೆಳಗೆ ಹಾಕಿದ, ಇವರು ತುಟಿ ಕಚ್ಚಿದರು. ಕೇಳಿದ್ದಕ್ಕೆ ಪಾಠ ಹೇಳುತ್ತಿದ್ದರು, ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು, ಬಂಡಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಸರ್, ಇದನ್ನೊಂಚೂರ ಹಿಡೀರಿ" ಎಂದು ಯಾರಾದರೂ ಅಂದರೆ ಒಂದೇ ಉತ್ತರ:

"ನನ್ನ ಕೈ ಲಕ್ಷ್ಮೀಬಾಯಿ ಕಡೆ ಅದಾವಪಾ."

ಎಂಥ ಸಂಜೆಗಳು ಅವು! ಬಿಸಿಲಿಗೆ ಕಾದ ಫರಸಿ ನಿಧಾನ ತಣ್ಣಗಾಗುತ್ತಿತ್ತು. ಸುಣ್ಣ, ಸುಟ್ಟ ರಬ್ಬರು, ಲಕ್ಷ್ಮೀಬಾಯಿಯ ಶೇಂಗಾ ಚಟ್ನಿಪುಡಿ, ಎಲ್ಲದರ ವಾಸನೆ ಒಂದಾಗುತ್ತಿತ್ತು. ಡಬ್ಬಿ ಬಂತೆಂದರೆ ಅವತ್ತಿನ ಕೆಲಸ ಮುಗಿಯಿತು. ಮಾಸ್ತರರು ಪಶ್ಚಿಮಕ್ಕೊಂದು ಕಣ್ಣಿಟ್ಟು ಲಗುಬಗೆಯಿಂದ ಉಣ್ಣುವಾಗ ಮಕ್ಕಳು ಚಪಾತಿಯ ಸುರುಳಿ ತಿನ್ನುತ್ತ ಬಂಡಿಯನ್ನು ಬೈಯುತ್ತ ಕೂರುತ್ತಿದ್ದರು. ಶಾಲೆ ಶುರುವಾದ ವಾರದಲ್ಲಿ ಒಂದು ಸಂಜೆ ಬಂಡಿ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಗೆರೆ ತಪ್ಪದೆ ಓಡಿತು. ಮಾಸ್ತರರು ಮಾಡಿದ ಮಾದರಿಗಳ ಚಂದ ಅದಕ್ಕಿರಲಿಲ್ಲ, ಮೈತುಂಬ ಬೆಸುಗೆಯ ಗಂಟು. ಆದರೂ ಓಡಿತು. ಮಾಸ್ತರರ ಕಣ್ಣು ತುಂಬಿಬಂದವು. ಒರೆಸಿಕೊಳ್ಳಲು ಕೈ ಬೇಕಲ್ಲ, ಆಗ ಮಾತ್ರ ವಸ್ತ್ರ ಮುಂದೆ ಬಂತು.

ಹೆಡ್ ಮಾಸ್ತರರು ಬಂಡಿಯನ್ನು ನೋಡಿ ಮುಖ ಹುಳ್ಳಗೆ ಮಾಡಿದರು. "ಏನ್ರಿ ಇದರ ಅವತಾರ? ನೀವ ಒಂದ ಸಲ ಕೈ ಆಡಸ್ರಿ. ಇಷ್ಟ ವರ್ಷದ ಕಪ್ ಈ ವರ್ಷ ತಪ್ಪಿತಂದ್ರ ಊರಾಗ ಏನ ಹೇಳೂಣು?"

ಮಾಸ್ತರರಿಗೂ ಕಪ್ಪಿನ ಆಸೆ ಇರಲಿಲ್ಲವೆಂದಲ್ಲ. ಸೋತು ಬರುವುದು ಹೇಗೆಂದು ಅವರಿಗೆ ಗೊತ್ತೇ ಇರಲಿಲ್ಲ. ಸ್ಪರ್ಧೆಯ ಹಿಂದಿನ ದಿನ ಮನೆಯಲ್ಲಿ ಅತ್ತಿಂದಿತ್ತ ತಿರುಗಾಡುವುದನ್ನು ಕಂಡ ಲಕ್ಷ್ಮೀಬಾಯಿ ವಸ್ತ್ರವನ್ನು ಒಗೆದು ಒಣಹಾಕಿದಳು.

ಹುಕ್ಕೇರಿಯ ಕಲ್ಯಾಣಮಂಟಪದಲ್ಲಿ ಸ್ಪರ್ಧೆ. ಸುತ್ತ ಹಗ್ಗ ಕಟ್ಟಿ, ಮಾಸ್ತರರೆಲ್ಲ ಹಗ್ಗದ ಹೊರಗೆ ನಿಲ್ಲಬೇಕು ಎಂದರು. ಮಾತಾಡಬಾರದೆಂದು ಮಾತ್ರ ಯಾರೂ ಹೇಳಲಿಲ್ಲ. ಹೀಗಾಗಿ ಹಗ್ಗದ ಸುತ್ತ ಮಾಸ್ತರರ ಕೂಗಾಟವೇ ಕೂಗಾಟ. ಮಧ್ಯಾಹ್ನದ ಮೇಲೆ ಮೂಡಲಗಿಯ ಸರದಿ ಬಂತು. ಸಂಘಮಿತ್ರಾ ಬಂಡಿಯನ್ನು ಗೆರೆಯ ಮೇಲಿಟ್ಟು ಗುಂಡಿ ಒತ್ತಿದಳು. ಬಂಡಿ ಮೊಂಡು ಎತ್ತಿನಂತೆ ನಿಂತಲ್ಲೇ ನಿಂತಿತು.

ಕುಂಥುನಾಥ ಮಾಸ್ತರರಿಗೆ ಒಂದೇ ನೋಟಕ್ಕೆ ತಿಳಿದುಹೋಯಿತು. ಪಡಸಾಲೆಯಲ್ಲಿ ಕರಿ ಫರಸಿಯ ಮೇಲೆ ಬಿಳಿ ಗೆರೆ ಇತ್ತು. ಇಲ್ಲಿ ಬಿಳಿ ಹಾಳೆ ಹಾಸಿ, ಅಂಗೈ ಅಗಲದ ಕರಿ ಪಟ್ಟಿ ಅಂಟಿಸಿದ್ದರು. ಬಿಳಿ ಕರಿ ಗುರುತಿಸುವ ಬಂಡಿಯ ಎರಡು ಕಣ್ಣುಗಳು ಗೆರೆಯ ಎರಡೂ ಬದಿಗಿದ್ದವು. ಯಾವ ಕಣ್ಣಿಗೆ ಬಿಳಿ ಕಂಡಿತೋ ಆ ಬದಿಯ ಗಾಲಿ ನಿಲ್ಲಬೇಕು, ಬಂಡಿ ಆ ಕಡೆ ಹೊರಳಬೇಕು. ಇದು ಅದಕ್ಕೆ ಕಲಿಸಿದ ಪಾಠ. ಈಗ ಎರಡೂ ಕಣ್ಣಿಗೆ ಬಿಳಿಯೇ ಕಂಡರೆ ಪಾಪ, ಅದೇನು ಮಾಡೀತು? ಯಾವ ಬಣ್ಣದ ಗೆರೆ ಎಂದು ಕೇಳಬೇಕೆಂಬುದು ಮೂಡಲಗಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೆರೆ ಎಂದರೆ ಸುಣ್ಣದ್ದೇ ಅಲ್ಲವೇ!

ಎರಡೂ ಕಣ್ಣನ್ನು ಹತ್ತಿರ ತಂದು ಕರಿ ಪಟ್ಟಿಯೊಳಗೆ ಇಡಬೇಕು, ಬಿಳಿ ಕಂಡ ಕಣ್ಣಿನ ಎದುರು ಬದಿಯ ಗಾಲಿ ನಿಲ್ಲುವಂತೆ ಗಾಲಿಗಳ ತಂತಿ ಅದಲುಬದಲು ಮಾಡಬೇಕು. ಅಷ್ಟೇ. ಒಂದು ಉಸಿರಿನಲ್ಲಿ ಹೇಳಿಬಿಡುವ ಮಾತು. ಮಾಸ್ತರರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಜೂದಲ್ಲಿ ಇನ್ನೊಂದು ಶಾಲೆಯವರು ಹಗ್ಗದ ಮೇಲೆ ಬಾಗಿ ತಮ್ಮ ಹುಡುಗರಿಗೆ ಎಲ್ಲವನ್ನೂ ಕೂಗಿ ಹೇಳುತ್ತಲೇ ಇದ್ದರು.

ಸ್ವಪ್ನಿಲ್ ಓಡಿ ಬಂದ. "ಸರ್, ಹೇಳ್ರಿ ಸರ್! ಟೈಮ್ ಹೊಂಟೈತಿ!"

ಮಾಸ್ತರರು ಬಾಯಿ ತೆರೆದರು. ಹುಡುಗನ ಹಿಂದೆ, ಮೊಣಕಾಲೂರಿ ಕೂತ ಸಂಘಮಿತ್ರಾಳೂ ಅವರ ಮುಖವನ್ನೇ ನೋಡುತ್ತಿದ್ದಳು. ತಮ್ಮ ಕಣ್ಣು ಎಲ್ಲಿ ಹೋದರೂ ಅವಳಿಗೆ ಸುಳಿವು ಸಿಕ್ಕೀತು ಎಂದು ಅವರಿಗೆ ಅನಿಸಿತು. ತೆರೆದ ಬಾಯಿ ಮುಚ್ಚಿ, ಗಕ್ಕನೆ ತಿರುಗಿ, ಸ್ಪರ್ಧೆಗೆ ಬೆನ್ನು ಮಾಡಿ ನಿಂತುಬಿಟ್ಟರು. ಮಕ್ಕಳಿಗೆ ಕಂಡದ್ದು ಬೆನ್ನ ಹಿಂದೆ ನೀಲಿ ವಸ್ತ್ರ ಹಿಡಿದ ಎರಡು ಕೈಗಳಷ್ಟೇ.

ಹೀಗಾಗಿ ಆ ಓಟವನ್ನು ಮಾಸ್ತರರು ಕಣ್ಣಿನಿಂದ ನೋಡಲೇ ಇಲ್ಲ, ಕಿವಿಯಿಂದ ಕೇಳಿದರು. ಮೊದಲು ಸ್ವಪ್ನಿಲ್‌ನ ಗೊಣಗಾಟ. "ಬಿಳಿ ಮ್ಯಾಲ ಇಡಬ್ಯಾಡ, ಕರಿ ಮ್ಯಾಲ ಇಡು" ಎಂದ ಸಂಘಮಿತ್ರಾಳ ದನಿ. ಮೋಟರಿನ ಗುಂಯ್ ಸದ್ದು ಎದ್ದಿತು. ತಿರುವಿನಲ್ಲಿ ಸದ್ದು ನಿಂತು ಜನ ನಕ್ಕರು. ಎಡಕ್ಕೆ ಬಾ ಎಂದರೆ ಬಲಕ್ಕೆ ಹೋಗಿರಬೇಕು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ತಂತಿ, ತಂತಿ ಎಂದು ಮಾಸ್ತರರ ಮನಸ್ಸು ಕಿರುಚುತ್ತಿತ್ತು. ವಸ್ತ್ರದ ಒಂದು ಅಂಚು ಪರ್ ಎಂದು ಹರಿಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ವೇಳೆ ಮುಗಿದ ಗಂಟೆ ಹೊಡೆಯಿತು.

ಗಂಟೆಯ ಸದ್ದು ಅಡಗುವ ಮೊದಲೇ ಮತ್ತೆ ಗುಂಯ್ ಎಂದಿತು. ಈ ಸಲ ನಿಲ್ಲಲಿಲ್ಲ. ಮೊದಲ ತಿರುವು, ಎರಡನೆಯ ತಿರುವು. ಆಮೇಲೆ ಜಿನೇಂದ್ರನ ಬಾಯಿ ಇಡೀ ಮಂಟಪ ಕೇಳುವಂತೆ ಕೂಗಿತು: "ಮುಟ್ಟಿತ್ರಿ ಸರ್! ಮುಟ್ಟಿತ್ರಿ!"

ಗಂಟೆಯ ನಂತರದ ಓಟ ಲೆಕ್ಕಕ್ಕಿಲ್ಲ. ಕಪ್ ಗೋಕಾಕಿನ ಶಾಲೆಗೆ ಹೋಯಿತು. ತಿರುಗಿ ಬರುವಾಗ ಸ್ವಪ್ನಿಲ್ ಬಸ್ಸಿನಲ್ಲಿ ಮುಖ ಊದಿಸಿ ಕೂತ. "ನೀವ ಒಂದ ಮಾತ ಹೇಳಿದ್ರ ಕಪ್ ನಮ್ಮದಾಕ್ಕಿತ್ರಿ ಸರ್." ಮಾಸ್ತರರು ಹೌದೆಂಬಂತೆ ತಲೆಯಾಡಿಸಿದರು. ಸಂಘಮಿತ್ರಾ ಬಂಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಿಡಿಯಲು ಯಾರಿಗೂ ಕೊಡಲಿಲ್ಲ, ಮಾಸ್ತರರು ಕೇಳಿದರೂ ಕೊಡಲಿಲ್ಲ. ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ಹೊತ್ತು ಮುಳುಗಿತ್ತು, ಡಬ್ಬಿ ಬಿಚ್ಚಿಯೇ ಇರಲಿಲ್ಲ. ಉಪವಾಸವಿದ್ದೂ ಅಷ್ಟು ಸುಖವಾಗಿ ಮಾಸ್ತರರು ಯಾವತ್ತೂ ಮನೆ ಸೇರಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಶಾಲೆಗೆ ಕಪ್ ಬಂದದ್ದೂ ಉಂಟು, ಬಾರದ್ದೂ ಉಂಟು. ಮಾಸ್ತರರು ನಿವೃತ್ತರಾದರು. ಆ ಬೆನ್ನಿಗೇ ಕೈಗಳಿಗೆ ಬೇರೆ ರೋಗ ಬಂತು, ನಡುಕದ್ದು. ಚಹಾದ ಕಪ್ಪು ತುಳುಕತೊಡಗಿತು, ಅಂಗಿಯ ಗುಂಡಿಯನ್ನು ಲಕ್ಷ್ಮೀಬಾಯಿ ಹಾಕಬೇಕಾಯಿತು. ಊರವರು ಗಡಿಯಾರ ತರುವುದನ್ನು ಬಿಟ್ಟರು. ತಂದರೆ ಮಾಸ್ತರರಿಗೆ ನೋವಾದೀತು ಎಂಬುದು ಅವರ ಒಳ್ಳೆಯತನ. ತರದಿದ್ದದ್ದೇ ಹೆಚ್ಚು ನೋಯಿಸಿತು ಎಂಬುದು ಯಾರಿಗೆ ತಿಳಿಯಬೇಕು!

ಎರಡು ಸಾವಿರದ ಒಂಬತ್ತರ ದೀಪಾವಳಿಗೆ ಸಂಘಮಿತ್ರಾ ಅವರನ್ನು ನೋಡಲು ಬಂದಳು. ಡಿಪ್ಲೊಮಾ ಮುಗಿಸಿ ಹುಕ್ಕೇರಿಯ ಐ.ಟಿ.ಐ.ಯಲ್ಲಿ ಹುಡುಗರಿಗೆ ಕೆಲಸ ಕಲಿಸುತ್ತಿದ್ದಳು. ಮೇಜಿನ ಮೇಲೆ ಮಾಸ್ತರರ ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

"ತಾವೂ ಮಾಡಂಗಿಲ್ಲ, ಅಂಗಡಿಗೂ ಕೊಡಂಗಿಲ್ಲ," ಎಂದಳು ಲಕ್ಷ್ಮೀಬಾಯಿ. "ಹಿಂಗ ಬಿದ್ದೈತಿ ನೋಡವಾ."

ಮಾಸ್ತರರು ನೆಲ ನೋಡಿದರು. ಆಮೇಲೆ ಸ್ಕ್ರೂಡ್ರೈವರನ್ನು ಶಿಷ್ಯೆಯ ಕಡೆ ಸರಿಸಿದರು. "ನೀನ ಮಾಡವಾ. ನನ್ನ ಕೈಲೆ ಇನ್ನ ಆಗಂಗಿಲ್ಲ. ಮುಗೀತು ಇವುಗಳ ಕೆಲಸ."

ಸಂಘಮಿತ್ರಾ ಬಾಗಿ ನೋಡಿದಳು. ಒಂದು ತಂತಿ ಬಿಟ್ಟಿತ್ತು, ಅಷ್ಟೇ. ಅವಳಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಕೈ ಮುಂದೆ ಹೋಯಿತು, ಹೋದದ್ದು ನಿಂತಿತು. ಅವಳು ಎದ್ದು ಒಳಗೆ ಹೋಗಿ, ಅಡುಗೆಮನೆಯ ಗೂಟಕ್ಕಿದ್ದ ನೀಲಿ ಚೌಕಡಿಯ ವಸ್ತ್ರ ತಂದಳು. ಬಣ್ಣ ಮಾಸಿತ್ತು, ಹರಿದ ಅಂಚಿಗೆ ಹೊಲಿಗೆ ಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡಿದು ಮೇಜಿನ ಮುಂದೆ ನಿಂತಳು.

"ನನ್ನ ಕೈ ಕಾಕೂ ಕಡೆ ಅದಾವ್ರಿ ಸರ್."

ಮಾಸ್ತರರು ಸಿಟ್ಟಿನಿಂದ ತಲೆಯೆತ್ತಿದರು. ಅವಳು ಕದಲಲಿಲ್ಲ. ಕೊನೆಗೆ ಅವರು ಸ್ಕ್ರೂಡ್ರೈವರನ್ನು ತಮ್ಮ ಕಡೆ ಎಳೆದುಕೊಂಡರು.

ಬಿಸಿಲು ಹೊಸ್ತಿಲು ದಾಟಿ ಅಂಗಳಕ್ಕೆ ಸರಿಯಿತು. ತಾಟು ಹಾಕಿಟ್ಟ ಲಕ್ಷ್ಮೀಬಾಯಿ, ಹೊತ್ತು ಮುಳುಗುತ್ತಿದ್ದರೂ ಊಟಕ್ಕೆ ಕರೆಯಲಿಲ್ಲ. ಮಾಸ್ತರರ ನಡುಗುವ ಬೆರಳಿನಿಂದ ಒಂದು ಸಣ್ಣ ಸ್ಕ್ರೂ ಜಾರಿ, ಉರುಳಿ, ಸಂಘಮಿತ್ರಾಳ ಕಾಲ ಬಳಿ ಬಂದು ನಿಂತಿತು. ಅವಳು ವಸ್ತ್ರವನ್ನು ಬಿಗಿಯಾಗಿ ಹಿಡಿದಳು, ಬಗ್ಗಲಿಲ್ಲ. ಮಾಸ್ತರರೇ ಕುರ್ಚಿಯಿಂದಿಳಿದು ಬಂದು ಅದನ್ನು ಎತ್ತಿಕೊಂಡರು.