ನನ್ನ ವಿರುದ್ಧ ನಾನೇ ವಾದಿಸಿದ್ದು

ಕರಾಚಿಗೆ ವರ್ಗವಾಗಲಿದೆಯೆಂದು ತಿಳಿದಾಗ ನನ್ನ ಹೆಂಡತಿಗೆ ಏಳು ತಿಂಗಳು. ಸಿಂಧ ಆಗ ಮುಂಬಯಿ ಇಲಾಖೆಗೇ ಸೇರಿತ್ತು. ಪುಣೆಯ ಗುಮಾಸ್ತನನ್ನು ಅಲ್ಲಿಗೆ ಎಸೆಯಲು ಒಂದು ಸಹಿ ಸಾಕು. ಹಿಂದಿನ ಎರಡು ಬಸಿರು ಎಂಟನೆಯ ತಿಂಗಳಲ್ಲಿ ಹೋಗಿದ್ದವು. ಎರಡನೆಯದಂತೂ ಅವಳು ತವರಿಗೆಂದು ಹೋಗಿ ಧಾರವಾಡದಲ್ಲಿ ರೈಲು ಇಳಿದ ಮರುದಿನವೇ. ಈ ಸಲ ಪುಣೆ ಬಿಟ್ಟು ಅಲುಗುವುದಿಲ್ಲ ಎಂದು ನಿಶ್ಚಯಿಸಿದ್ದೆವು. ನಿಶ್ಚಯ ಅವಳದು, ಭಯ ನನ್ನದು. ವರ್ಗವನ್ನು ಮೂರು ತಿಂಗಳು ಮುಂದೂಡಿರೆಂದು ಸಾಹೇಬನನ್ನು ಕೇಳಬೇಕಿತ್ತು. ಅದೂ ಇಂಗ್ಲಿಷಿನಲ್ಲಿ, ಎದುರು ನಿಂತು.

ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವವ ನಾನು. ಆದರೂ ನನ್ನ ಬಳಿ ಒಂದು ಅಸ್ತ್ರವಿತ್ತು: ಹದಿನೈದು ವರ್ಷ ಸಾಹೇಬರ ಕಾಗದಗಳಿಂದ ಹೆಕ್ಕಿ ಬರೆದಿಟ್ಟ ವಾದದ ಮಾತುಗಳ ವಹಿ. ಇನ್ ದಿ ಫಸ್ಟ್ ಪ್ಲೇಸ್. ಟು ಕಮ್ ಟು ದಿ ಪಾಯಿಂಟ್. ಇಟ್ ಸ್ಟ್ಯಾಂಡ್ಸ್ ಟು ರೀಸನ್. ಆನ್ ದಿ ಅದರ್ ಹ್ಯಾಂಡ್. ಮೂರು ದಿನ ಲಕಡಿ ಪೂಲ್ ಸೇತುವೆಯ ಮೇಲೆ ನಡೆಯುತ್ತ ಇವನ್ನೇ ಗುನುಗಿದೆ. ಟಾಂಗಾದವನೊಬ್ಬ, "ಕಾಯ್ ರಾವ್, ಜಪ ಚಾಲೂ ಕಾ?" ಎಂದು ನಕ್ಕು ಹೋದ.

ನಾಲ್ಕನೆಯ ದಿನ ಸಾಹೇಬನ ಮೇಜಿನೆದುರು ನಿಂತು, "ಇನ್ ದಿ ಫಸ್ಟ್ ಪ್ಲೇಸ್, ಸರ್," ಎಂದು ಸುರು ಮಾಡಿದೆ. ಧ್ವನಿ ನಡುಗಿತು, ವಾಕ್ಯ ನಡುಗಲಿಲ್ಲ. ಹೆಂಡತಿಯ ಸ್ಥಿತಿ ಹೇಳಿದೆ. ಮನೆಯಲ್ಲಿ ಬೇರೆ ಹೆಂಗಸರಿಲ್ಲ ಎಂದೆ. ಸಾಹೇಬ ತಲೆದೂಗಿದ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು.

ಆದರೆ ನಮ್ಮ ಕಚೇರಿಯಲ್ಲಿ ಗುಮಾಸ್ತನ ಕೆಲಸವೇನು? ಯಾವ ಅರ್ಜಿ ಬಂದರೂ ಪರ-ವಿರೋಧ ಎರಡನ್ನೂ ತೂಕ ತಪ್ಪದಂತೆ ಬರೆದು, 'ಹುಕುಮಿಗಾಗಿ' ಎಂದು ಸಾಹೇಬನ ಮುಂದಿಡುವುದು. ಒಂದೇ ಕಡೆ ಬರೆದ ಟಿಪ್ಪಣಿ ವಾಪಸು ಬೀಳುತ್ತಿತ್ತು. ಆ ಚಟವೇ ನಾಲಿಗೆಯನ್ನು ಎಳೆದುಕೊಂಡು ಹೋಯಿತು. "ಆನ್ ದಿ ಅದರ್ ಹ್ಯಾಂಡ್, ಸರ್," ಅಂದೆ. ಕರಾಚಿಯಲ್ಲಿ ಜಾಗ ಖಾಲಿ ಬಿದ್ದಿದೆ. ಅಲ್ಲಿ ಕಾಗದಗಳ ರಾಶಿ ಬೆಳೆಯುತ್ತಿದೆ. ಹೆಂಡತಿಯನ್ನು ಧಾರವಾಡಕ್ಕೆ ಕಳಿಸಬಹುದು, ರೈಲು ಇದೆ. ನನ್ನ ಮಾತು ನನಗೇ ಕೇಳಿಸುತ್ತಿತ್ತು, ನಿಲ್ಲಿಸಲಾಗಲಿಲ್ಲ.

"ವೆರಿ ಕ್ಲಿಯರ್ಲಿ ಪುಟ್," ಎಂದ ಸಾಹೇಬ ಸಂತೋಷದಿಂದ. ವರ್ಗದ ಕಾಗದಕ್ಕೆ ಸಹಿ ಬಿತ್ತು.

"ಏನಂದ್ರು?" ಮನೆಯಲ್ಲಿ ಹೆಂಡತಿ ಕೇಳಿದಳು.

"ಭಾಳ ಸ್ಪಷ್ಟ ಹೇಳಿದಿ ಅಂದ್ರು."

ಎಲ್ಲ ಹೇಳಿಸಿಕೊಂಡಳು. "ನೀವು ಯಾರ ಕಡಿಂದ ಹೋಗಿದ್ರಿ? ಕರಾಚಿಯವ್ರ ಕಡಿಂದೇನು?" ಎಂದು ನಗಲು ಹೋದವಳು ಅರ್ಧಕ್ಕೆ ನಿಂತಳು. "ರೈಲಿನ ಮಾತು ನೀವ ತಗದ್ರೇನ್ರೀ?" ಅವಳ ಕೈ ಹೊಟ್ಟೆಯ ಮೇಲಿತ್ತು. ನಾನು ಕೋಟಿನ ಗುಂಡಿ ಬಿಚ್ಚುತ್ತ ನಿಂತೆ. ಎಷ್ಟು ಬಿಚ್ಚಿದರೂ ಮುಗಿಯಲೊಲ್ಲವು.

ಮರುದಿನ ನಮ್ಮ ಕಚೇರಿಯ ಹೆಡ್‌ಕ್ಲಾರ್ಕರ ಬಳಿ ಹೋದೆ, ಬೆಳಗಾವಿ ಕಡೆಯವರು. ಕಾಲು ಹಿಡಿಯುವುದೊಂದು ಬಾಕಿ. "ಸಹಿ ಆದ ಹುಕುಂ ಹೊಸಾ ಕಾರಣ ಇಲ್ಲದ ತೆಗೆಯೂದಿಲ್ರೀ ರಾಯರ," ಎಂದರು. "ಹೊಸಾದು ಏನರೆ ಅದ ಏನು?"

ಇತ್ತು. ಹೋದ ಎರಡು ಬಸಿರಿನ ಸುದ್ದಿ ನಾನು ಸಾಹೇಬನೆದುರು ಎತ್ತಿಯೇ ಇರಲಿಲ್ಲ. ಅದಕ್ಕೆ ವಹಿಯಲ್ಲಿ ಮಾತಿರಲಿಲ್ಲ. ಬಾಯಿಂದ ಆಡಿದರೆ ಮೂರನೆಯದಕ್ಕೂ ತಟ್ಟೀತೆಂಬ ಅಂಜಿಕೆ ಬೇರೆ.

ಮತ್ತೆ ಸಾಹೇಬನ ಕೋಣೆಗೆ ಹೋದೆ. "ಟೂ ಬೇಬೀಸ್ ಲಾಸ್ಟ್, ಸರ್. ಸೆಕೆಂಡ್, ಆಫ್ಟರ್ ಟ್ರೈನ್." ಮುಂದೆ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ, ಮೇಜಿನ ಅಂಚು ಹಿಡಿದುಕೊಂಡೆ. ಸಾಹೇಬ ಕಿಟಕಿಯಾಚೆ ನೋಡಿದ. ಆಮೇಲೆ ಕಾಗದ ಎಳೆದುಕೊಂಡು ಬರೆದ: ಎಂಟು ವಾರ.

ಎಂಟು ಸಾಕೋ ಸಾಲದೋ ಎಂದು ನಾವು ದಿನಾ ಬೆರಳು ಮಡಚಿದೆವು. ಏಳನೆಯ ವಾರದ ಒಂದು ಮಧ್ಯಾಹ್ನ ನಾನು ನಾವಿದ್ದ ವಾಡೆಯ ಅಂಗಳದ ನಳದ ಬಳಿ ನಿಂತಿದ್ದೆ. ಸೂಲಗಿತ್ತಿ ಬಾಗಿಲಿಗೆ ಬಂದು "ಮುಲಗೀ!" ಎಂದಳು. ಹೆಣ್ಣೆಂಬುದು ತಲೆಗೆ ಹೋಗಲಿಲ್ಲ. "ಅಳ್ತದೇನು?" ಎಂದು ಕನ್ನಡದಲ್ಲೇ ಕೇಳಿದೆ. ಮರಾಠಿಯವಳು, ಅವಳಿಗೆ ತಿಳಿಯಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು.