ಮೋಡದ ಬಿಸಿಲು ಮತ್ತು ನನ್ನ ಬೋಳು ತಲೆ

ಗೆಳೆಯರೇ, ಮೋಡ ಕವಿದಿದೆಯೆಂದು ಪುಣೆಯ ನಮ್ಮ ಸದಾಶಿವ ಪೇಠದ ಹೌಸಿಂಗ್ ಸೊಸೈಟಿಯವರು ಮಕ್ಕಳ ಕ್ರಿಕೆಟ್ ಪಂದ್ಯವನ್ನು ಇಂದು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟಿದ್ದರು. ಫೋನ್ ನೋಡಿದರೆ ಆ ಹೊತ್ತಿಗೆ ನೇರಳಾತೀತ ಕಿರಣಗಳ, ಅದೇ ಯುವಿ, ಸೂಚ್ಯಂಕ ಒಂಬತ್ತು, ಅಂದರೆ ಚರ್ಮ ಸುಡುವಷ್ಟು. ನೀರಿನ ಟ್ಯಾಂಕಿನ ಜಗಳದ ಕಾಲದಿಂದಲೂ ಇಲ್ಲಿ ನನ್ನ ಮಾತನ್ನು ಯಾರೂ ಕೇಳಿಲ್ಲ. ನಾನದನ್ನು ಮರೆತೂ ಇಲ್ಲ. ಹಾಗಾಗಿ ಪುಣೆಯ ಪದ್ಧತಿಯಂತೆ ಗೇಟಿಗೆ ಮರಾಠಿಯಲ್ಲಿ ಒಂದು ಕುಟುಕು ಫಲಕ ತೂಗುಹಾಕಿದೆ: "ಸುಡಲು ಸೂರ್ಯನಿಗೆ ಮೋಡದ ಅನುಮತಿ ಬೇಕಿಲ್ಲ."

ಕಾರ್ಯದರ್ಶಿ ದೇಸಾಯರು ಧಾರವಾಡದವರು. ಟೋಪಿ ಸರಿಮಾಡಿಕೊಳ್ಳುತ್ತ, "ಹವಾ ತಂಪ್ ಅದ, ಬಿಸಲ ಎಲ್ಲೈತ್ರಿ?" ಎಂದರು.

"ಶಾಖ ಬ್ಯಾರೆ, ಈ ಕಿರಣ ಬ್ಯಾರೆ ರೀ. ಮೋಡ ದಾಟಿ ಬರ್ತಾವು!" ಎಂದು ಬಯಲಲ್ಲೇ ನಿಂತು ಪಂದ್ಯದ ಹೊತ್ತಿನವರೆಗೂ ತಾಸುಗಟ್ಟಲೆ ವಾದಿಸಿದೆ.

ಮನೆಗೆ ಬಂದರೆ ಹೆಂಡತಿ ಹೌಹಾರಿದಳು: "ಅಯ್ಯ, ತಲಿ ಟೊಮ್ಯಾಟೊ ಆಗೇದಲ್ರೀ! ಟೋಪಿ ಎಲ್ಲಿ?"

ಅಷ್ಟರಲ್ಲಿ ಫಲಕದ ಕೆಳಗೆ ಯಾರೋ ಒಂದು ಸಾಲು ಸೇರಿಸಿದ್ದರು: "ಉದಾಹರಣೆಗೆ, ಮೊದಲ ಮಹಡಿಯ ಕಾಕಾರ ತಲೆ ನೋಡಿ." ಮಕ್ಕಳ ತಾಯಂದಿರು ನಿಜಕ್ಕೂ ಬಂದು ನನ್ನ ತಲೆ ನೋಡಿದರು. ಪಂದ್ಯ ಸಂಜೆ ಐದಕ್ಕೆ ಹೋಯಿತು.

ಓದಿದ್ದೆಲ್ಲ ತಲೆಯ ಒಳಗಿತ್ತು. ಜನ ನಂಬಿದ್ದು ಹೊರಗಿನದನ್ನು.